ಉಗಿಬಂಡಿಗೆ ಎಣ್ಣೆ ಉಣಿಸಿದ ಎಲೈಜಾ ಮೆಕಾಯ್

ಮೋಟಾರು ಕಾರಿನ ಯಂತ್ರದಲ್ಲಿ ಎಣ್ಣೆಯು ಪಂಪಿನಿಂದ ಮೇಲೇರಿ, ಉಜ್ಜಾಡುವ ಭಾಗಗಳನ್ನು ತೊಯ್ಯಿಸಿ, ಕೆಳಗಿಳಿದು ಮತ್ತೆ ಮೇಲೇರುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಲೋಹದ ಪುಡಿಯನ್ನೂ ಮಸಿಯನ್ನೂ ತಡೆಯಲೆಂದೇ ಆಯಿಲ್ ಫಿಲ್ಟರ್ ಇರುವುದು. ಆದರೆ ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಮುಟ್ಟಿಸುವುದೇ ಒಂದು ಕಾಲಕ್ಕೆ ದೊಡ್ಡ ತೊಡಕಾಗಿತ್ತು. ಅದನ್ನು ಬಿಡಿಸಲು ಜೀವಮಾನವನ್ನೇ ಸವೆಸಿದ ಎಲೈಜಾ ಮೆಕಾಯ್ ಅವರ ವೃತ್ತಾಂತವನ್ನು ನಾವು ವಾಚಕರ ಮುಂದಿಡುತ್ತಿದ್ದೇವೆ.

ಅವರ ತಂದೆತಾಯಿಗಳು ಅಮೇರಿಕೆಯ ಕೆಂಟಕಿ ಪ್ರಾಂತದಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಕೆನಡಾ ಸೇರಿದವರು. ಮಗನು ಅಲ್ಲಿಯೇ 1840ರ ದಶಕದಲ್ಲಿ ಜನಿಸಿದನು. ಹದಿನೈದನೆಯ ವಯಸ್ಸಿಗೆ ಅವನನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಯಂತ್ರವಿದ್ಯೆ ಕಲಿಯಲು ಕಳುಹಿಸಿದರು. ಬರಿಗೈಯಲ್ಲಿ ಓಡಿಬಂದ ದಂಪತಿಗಳ ಈ ಧೈರ್ಯವನ್ನು ನಾವು ಮೆಚ್ಚದೆ ಇರಲಾರೆವು.

ಎಂಜಿನಿಯರರಾಗಿ ಮರಳಿ ಮಿಚಿಗನ್ ಪ್ರಾಂತಕ್ಕೆ ಬಂದ ಮೆಕಾಯ್ ಅವರಿಗೆ, ಕರಿಯ ಜನಾಂಗದವರೆಂಬ ಕಾರಣದಿಂದ ಆ ಉದ್ಯೋಗ ದೊರೆಯಲಿಲ್ಲ. ಮಿಚಿಗನ್ ಸೆಂಟ್ರಲ್ ರೈಲ್ವೆಯಲ್ಲಿ ದೊರೆತದ್ದು ಉಗಿಬಂಡಿಯ ಬೆಂಕಿ ಉರಿಸುವ, ಎಣ್ಣೆ ಹೊಯ್ಯುವ ಕೆಲಸ. ಓದಿದ್ದೊಂದು, ಸಿಕ್ಕಿದ್ದೊಂದು ಎಂಬ ಅನುಭವವು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದೇನಲ್ಲ.

ಆದರೆ ಎಣ್ಣೆಯ ಡಬ್ಬಿ ಹಿಡಿದ ಕೈಗೇ ತೊಡಕಿನ ಮೂಲ ತಿಳಿಯಿತು. ಬಂಡಿಯನ್ನು ಆಗಾಗ ನಿಲ್ಲಿಸಿ ಎಣ್ಣೆ ಹೊಯ್ಯಬೇಕಾಗಿತ್ತು; ತಡವಾದರೆ ಲೋಹಕ್ಕೆ ಲೋಹ ಉಜ್ಜಿ ಯಂತ್ರ ಸವೆಯುತ್ತಿತ್ತು. 1872ರಲ್ಲಿ ಅವರು ಪೇಟೆಂಟ್ ಪಡೆದ ಎಣ್ಣೆಬಟ್ಟಲಿನಲ್ಲಿ ಉಗಿಯ ಒತ್ತಡವೇ ಕವಾಟವನ್ನು ತೆರೆದು ಎಣ್ಣೆಯನ್ನು ಸಿಲಿಂಡರಿಗೆ ಇಳಿಸುತ್ತಿತ್ತು. ಆ ಎಣ್ಣೆ ಉಗಿಯೊಡನೆ ಹೊರಹೋಗುತ್ತಿದ್ದುದರಿಂದ ಅದನ್ನು ಸೋಸಿ ಮತ್ತೆ ಬಳಸುವ ಪ್ರಶ್ನೆ ಏಳಲಿಲ್ಲ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ ಅವರು 1860ರಲ್ಲಿಯೇ ತಾನಾಗಿ ಎಣ್ಣೆಯುಣಿಸುವ ಸಾಧನವೊಂದನ್ನು ರಚಿಸಿದ್ದುಂಟು. ಮೆಕಾಯ್ ಅವರೇ ಮೊದಲಿಗರೆನ್ನುವುದು ಸರಿಯಲ್ಲ. ಆದರೂ ಒಂದರಲ್ಲಿ ತೃಪ್ತರಾಗದೆ ಅವರು ಪಡೆದ ಪೇಟೆಂಟುಗಳು ಐವತ್ತನ್ನು ಮೀರಿದುವು. ಅವುಗಳಲ್ಲಿ ಬಹುಪಾಲು ಎಣ್ಣೆಯುಣಿಸುವ ಸಾಧನಗಳವೇ. 1915ರಲ್ಲಿ ಎಣ್ಣೆಯೊಡನೆ ಗ್ರಾಫೈಟ್ ಪುಡಿಯನ್ನು ಬೆರೆಸಿ ಉಣಿಸುವ ಸಾಧನವನ್ನೂ ರಚಿಸಿದರು.

ಬಂಡವಾಳವಿಲ್ಲದ ಕಾರಣ ಅನೇಕ ಹಕ್ಕುಗಳನ್ನು ಪರರಿಗೆ ಬರೆದುಕೊಡಬೇಕಾಯಿತು. ಸ್ವಂತ ಹೆಸರಿನ ಕಾರಖಾನೆಯನ್ನು ಡೆಟ್ರಾಯಿಟ್ ನಗರದಲ್ಲಿ ತೆರೆದದ್ದು 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಎರಡು ವರ್ಷಗಳಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ದಂಪತಿಗಳಿಬ್ಬರೂ ಗಾಯಗೊಂಡರು. ಪತ್ನಿ ಮೇರಿ ಅವರು ಚೇತರಿಸಿಕೊಳ್ಳದೆ ತೀರಿಕೊಂಡರು. ಮೆಕಾಯ್ ಅವರು 1929ರ ಅಕ್ಟೋಬರ್ 10ರಂದು ಡೆಟ್ರಾಯಿಟ್ ಬಳಿಯ ಎಲೋಯಿಸ್ ಆಸ್ಪತ್ರೆಯಲ್ಲಿ ನಿಧನರಾದರು. ಆ ವೇಳೆಗೆ ಅಮೇರಿಕೆಯ ಮೋಟಾರು ಕಾರುಗಳಿಗೆ ಎಣ್ಣೆ ಸೋಸುವ ಫಿಲ್ಟರುಗಳು ಬಂದು ಐದಾರು ವರ್ಷಗಳಾಗಿದ್ದುವು.