ತಪ್ಪು ಉತ್ತರಗಳಿಗೆ ಕಿವಿಗೊಟ್ಟ ಜೀನ್ ಪಿಯಾಜೆ

ಬಿ.ಎಡ್., ಡಿ.ಎಡ್. ಓದಿದವರಿಗೆ ಜೀನ್ ಪಿಯಾಜೆ ಎಂಬ ಹೆಸರು ಹೊಸದಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವವರೂ ಅವರು ಹೇಳಿದ ನಾಲ್ಕು ಹಂತಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹಂತಗಳೂ ಮರೆಯುತ್ತವೆ, ಅವನ್ನು ಗುರುತಿಸಿದವರೂ ಮರೆಯುತ್ತಾರೆ. ಮಕ್ಕಳ ತಪ್ಪು ಉತ್ತರವನ್ನು ಗೌರವದಿಂದ ಕೇಳಿಸಿಕೊಂಡ ಈ ವಿದ್ವಾಂಸರ ಬದುಕನ್ನು ಶಿಕ್ಷಕರೂ ಪೋಷಕರೂ ವಿದ್ಯಾರ್ಥಿಗಳೂ ತಿಳಿದಿರಬೇಕು.

ಪಿಯಾಜೆ 1896ರ ಆಗಸ್ಟ್ 9ರಂದು ಸ್ವಿಟ್ಜರ್‌ಲ್ಯಾಂಡಿನ ನ್ಯೂಶಾಟೆಲ್ ನಗರದಲ್ಲಿ ಜನಿಸಿದರು. ತಂದೆ ಆರ್ಥರ್ ಪಿಯಾಜೆ ಮಧ್ಯಯುಗದ ಸಾಹಿತ್ಯದ ಪ್ರಾಧ್ಯಾಪಕರು. ತಾಯಿ ರೆಬೆಕಾ ಜಾಕ್ಸನ್ ಅವರ ಮಾನಸಿಕ ಆರೋಗ್ಯ ಚೆನ್ನಾಗಿರಲಿಲ್ಲ. ಮನೆಯ ಈ ನೋವಿನಿಂದಾಗಿ ಬಾಲಕ ಬಹುಬೇಗ ಆಟ ಬಿಟ್ಟು ಗಂಭೀರ ಅಧ್ಯಯನದ ಕಡೆಗೆ ತಿರುಗಿದ. 1907ರಲ್ಲಿ ಉದ್ಯಾನದಲ್ಲಿ ಕಂಡ ಬಿಳಿ ಗುಬ್ಬಚ್ಚಿಯ ಬಗ್ಗೆ ಬರೆದ ಒಂದು ಪುಟದ ಟಿಪ್ಪಣಿ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ಊರಿನ ವಸ್ತುಸಂಗ್ರಹಾಲಯದ ನಿರ್ದೇಶಕ ಪಾಲ್ ಗೋಡೆ ಅವರ ಬಳಿ ಬಸವನಹುಳು, ಚಿಪ್ಪುಜೀವಿಗಳನ್ನು ಗುರುತಿಸುವುದನ್ನು ಕಲಿತು, ಅವುಗಳ ಮೇಲೆ ಲೇಖನಗಳನ್ನು ಬರೆಯತೊಡಗಿದ. ಅವನ್ನು ಓದಿದ ಜಿನೀವಾದ ವಸ್ತುಸಂಗ್ರಹಾಲಯದವರು ಲೇಖಕ ಶಾಲಾ ಬಾಲಕನೆಂದು ತಿಳಿಯದೆ ಕೆಲಸಕ್ಕೇ ಕರೆದರು. ಓದು ಮುಗಿದಿಲ್ಲವೆಂದು ಆತ ಒಪ್ಪಲಿಲ್ಲ.

1918ರಲ್ಲಿ ಅವರು ಪಡೆದ ಡಾಕ್ಟರೇಟ್ ಕೂಡ ಚಿಪ್ಪುಜೀವಿಗಳ ಮೇಲಿನದೇ, ಮನಶ್ಶಾಸ್ತ್ರದ್ದಲ್ಲ. ಆದರೆ ಹುಳುವಿನ ಮುಂದೆ ತಾಳ್ಮೆಯಿಂದ ಕುಳಿತು ನೋಡುವ ಆ ಅಭ್ಯಾಸವೇ ಮುಂದೆ ಮಗುವಿನ ಮುಂದೆ ಕೂರುವುದನ್ನೂ ಕಲಿಸಿತು.

1919ರಲ್ಲಿ ಪಿಯಾಜೆ ಪ್ಯಾರಿಸ್‌ಗೆ ಹೋದರು. ಬುದ್ಧಿಶಕ್ತಿ ಪರೀಕ್ಷೆಯ ಜನಕರಲ್ಲಿ ಒಬ್ಬರಾದ ಆಲ್‌ಫ್ರೆಡ್ ಬಿನೆ ಆಗಲೇ ತೀರಿಕೊಂಡಿದ್ದರು. ಅವರ ಸಹೋದ್ಯೋಗಿ ಥಿಯೋಡೋರ್ ಸಿಮೋನ್ ಪಿಯಾಜೆಗೆ ಒಂದು ಕೆಲಸ ವಹಿಸಿದರು. ಪ್ರಶ್ನೆಪತ್ರಿಕೆಯನ್ನು ಪ್ಯಾರಿಸ್ಸಿನ ಶಾಲಾ ಮಕ್ಕಳಿಗೆ ಕೊಟ್ಟು, ಸರಿ ಉತ್ತರಗಳನ್ನು ಎಣಿಸಬೇಕಿತ್ತು. ಎಣಿಸುತ್ತಾ ಹೋದಂತೆ ಪಿಯಾಜೆ ಒಂದು ವಿಷಯವನ್ನು ಗಮನಿಸಿದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ಈ ತಪ್ಪುಗಳು ದಡ್ಡತನದಿಂದ ಬಂದವಲ್ಲ, ಅವುಗಳ ಹಿಂದೆ ಆ ವಯಸ್ಸಿನದೇ ಆದ ಒಂದು ತರ್ಕವಿದೆ ಎಂದು ಅವರಿಗೆ ಹೊಳೆಯಿತು. ಅಂಕ ಎಣಿಸುವುದನ್ನು ಬದಿಗಿಟ್ಟು, ಹೇಗೆ ಯೋಚಿಸಿದೆ ಎಂದು ಮಕ್ಕಳನ್ನೇ ಮಾತನಾಡಿಸತೊಡಗಿದರು. ಅವರ ಮುಂದಿನ 60 ವರ್ಷಗಳ ಕೆಲಸ ಇಲ್ಲಿಂದಲೇ ಆರಂಭವಾಯಿತು.

1921ರಲ್ಲಿ ಎಡ್ವರ್ಡ್ ಕ್ಲಾಪರೆಡ್ ಅವರ ಆಹ್ವಾನದ ಮೇರೆಗೆ ಜಿನೀವಾದ ರೂಸೋ ಸಂಸ್ಥೆಯನ್ನು ಸೇರಿದರು. 1923ರಲ್ಲಿ ವ್ಯಾಲೆಂಟೈನ್ ಶಾಟ್ನೆ ಅವರನ್ನು ವಿವಾಹವಾದರು. ಜಾಕ್ಲಿನ್, ಲ್ಯೂಸಿಯೆನ್, ಲಾರೆಂಟ್ ಎಂಬ ಮೂವರು ಮಕ್ಕಳಾದರು. ದಂಪತಿಗಳಿಬ್ಬರೂ ಸೇರಿ ತಮ್ಮ ಹಸುಗೂಸುಗಳ ಚಲನವಲನಗಳನ್ನು ದಿನದಿನವೂ ಬರೆದಿಟ್ಟರು. ಮುಂದೆ ಬಾರ್ಬೆಲ್ ಇನ್‌ಹೆಲ್ಡರ್ ಮೊದಲಾದವರ ಜೊತೆಗೂಡಿ ಶಾಲಾ ಮಕ್ಕಳ ಮೇಲೂ ಪ್ರಯೋಗಗಳನ್ನು ನಡೆಸಿದರು.

ಈ ದುಡಿಮೆಯಿಂದ ಮೂಡಿಬಂದದ್ದೇ ನಾಲ್ಕು ಹಂತಗಳ ಸಿದ್ಧಾಂತ. ಹುಟ್ಟಿನಿಂದ ಸುಮಾರು 2 ವರ್ಷದವರೆಗೆ ಸಂವೇದನಾ ಗತಿ ಹಂತ. ಮಗು ಮುಟ್ಟಿ, ಬಾಯಿಗಿಟ್ಟು, ಎಸೆದು ಕಲಿಯುತ್ತದೆ. ಚೆಂಡನ್ನು ಬಟ್ಟೆಯಡಿ ಮುಚ್ಚಿದರೆ ಎಳೆಗೂಸು ಅದನ್ನು ಹುಡುಕುವುದಿಲ್ಲ, ಕಣ್ಣಿಗೆ ಕಾಣದ್ದೂ ಇರುತ್ತದೆ ಎಂಬ ಅರಿವು ನಿಧಾನವಾಗಿ ಮೂಡುತ್ತದೆ. 2ರಿಂದ 7 ವರ್ಷದವರೆಗೆ ಕಾರ್ಯಪೂರ್ವ ಹಂತ. ಮಗುವಿಗೆ ಭಾಷೆ ಬರುತ್ತದೆ, ಕೋಲು ಕುದುರೆಯಾಗುತ್ತದೆ. ಆದರೆ ಗಿಡ್ಡ ಲೋಟದ ನೀರನ್ನು ಅದರ ಮುಂದೆಯೇ ಉದ್ದ ಲೋಟಕ್ಕೆ ಸುರಿದರೆ, ನೀರು ಹೆಚ್ಚಾಯಿತು ಎನ್ನುತ್ತದೆ. 7ರಿಂದ 11 ವರ್ಷದವರೆಗೆ ಮೂರ್ತ ಕಾರ್ಯಗಳ ಹಂತ. ಅದೇ ಮಗು ಈಗ ನೀರು ಅಷ್ಟೇ ಇದೆ ಎಂದು ಕಾರಣ ಸಮೇತ ಹೇಳುತ್ತದೆ. ಆದರೂ ಯೋಚಿಸಲು ಮಣಿ, ಕಡ್ಡಿಯಂಥ ಕಣ್ಣೆದುರಿನ ವಸ್ತುಗಳು ಬೇಕು. ಸುಮಾರು 11ರ ನಂತರ ಔಪಚಾರಿಕ ಕಾರ್ಯಗಳ ಹಂತ. ಬೀಜಗಣಿತ, ಊಹೆ, ನ್ಯಾಯ ಅನ್ಯಾಯದಂಥ ಅಮೂರ್ತ ವಿಚಾರಗಳು ಕೈಗೆಟುಕುತ್ತವೆ.

ಪಿಯಾಜೆ ಹೇಳಿದ್ದೆಲ್ಲವೂ ಹಾಗೆಯೇ ಉಳಿದಿಲ್ಲ. ಅವರು ಹುಟ್ಟಿದ ವರ್ಷವೇ ಹುಟ್ಟಿದ ರಷ್ಯಾದ ವೈಗಾಟ್‌ಸ್ಕಿ ಕಲಿಕೆಯಲ್ಲಿ ಹಿರಿಯರ ಮತ್ತು ಸಮಾಜದ ಪಾತ್ರ ಹೆಚ್ಚಿನದೆಂದು ತೋರಿಸಿದರು. 1978ರಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್, ಪ್ರಶ್ನೆ ಮಗುವಿಗೆ ಅರ್ಥವಾಗುವಂತಿದ್ದರೆ ಅದು ಇನ್ನೂ ಚಿಕ್ಕ ವಯಸ್ಸಿನಲ್ಲೇ ಸರಿಯಾಗಿ ಯೋಚಿಸಬಲ್ಲದು ಎಂದು ವಾದಿಸಿದರು. ಹಂತಗಳ ಗಡಿ ಪಿಯಾಜೆ ಎಣಿಸಿದಷ್ಟು ಗಟ್ಟಿಯಲ್ಲ ಎಂಬುದನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಮಗು ಖಾಲಿ ಕೊಡವಲ್ಲ, ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ಅವರ ಮೂಲ ಮಾತು ಉಳಿದಿದೆ. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒತ್ತಿ ಹೇಳಿದ್ದೂ ಅದನ್ನೇ.

ಅಮೆರಿಕದಲ್ಲಿ ಉಪನ್ಯಾಸಕ್ಕೆ ಹೋದಾಗಲೆಲ್ಲ, ಮಕ್ಕಳನ್ನು ಈ ಹಂತಗಳಲ್ಲಿ ಬೇಗ ಬೇಗ ಮುಂದೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಅವರಿಗೆ ಎದುರಾಗುತ್ತಿತ್ತು. ಅದಕ್ಕೆ ಅವರು ಅಮೆರಿಕನ್ ಪ್ರಶ್ನೆ ಎಂದೇ ಹೆಸರಿಟ್ಟಿದ್ದರು. ಅವಸರ ಅವರಿಗೆ ಒಪ್ಪಿಗೆಯಿರಲಿಲ್ಲ. ಎಲ್‌ಕೆಜಿ ಮಗುವಿಗೆ ನೂರರವರೆಗೆ ಬರೆಯಲು ಬಂದರೂ ಐದು ಮಣಿಗಳನ್ನು ಬಿಡಿಯಾಗಿ ಹರಡಿದಾಗ ಹೆಚ್ಚಾದವು ಎನ್ನಬಹುದು. ಅಂಕಿ ಬರೆದ ಮಾತ್ರಕ್ಕೆ ಸಂಖ್ಯೆ ಅರ್ಥವಾಯಿತೆಂದಲ್ಲ. ಈ ಮಾತು ನಮ್ಮ ಪೋಷಕರಿಗೂ ಅನ್ವಯಿಸುತ್ತದೆ.

1955ರಲ್ಲಿ ಜಿನೀವಾದಲ್ಲಿ ಜ್ಞಾನದ ಉಗಮ ವಿಕಾಸಗಳ ಅಧ್ಯಯನಕ್ಕಾಗಿ ಅಂತರರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿದ ಪಿಯಾಜೆ, 1972ರಲ್ಲಿ ಎರಾಸ್ಮಸ್ ಪ್ರಶಸ್ತಿ ಪಡೆದರು. 1980ರ ಸೆಪ್ಟೆಂಬರ್ 16ರಂದು, 84ನೇ ವಯಸ್ಸಿನಲ್ಲಿ ಜಿನೀವಾದಲ್ಲಿ ನಿಧನರಾದರು.

ಉರ್ದು ಮನೆಮಾತಿನ ಮಗು ಕನ್ನಡ ತರಗತಿಯಲ್ಲಿ ಬಸ್ ಬಂದಳು ಎಂದರೆ ಉಳಿದವರು ನಗುತ್ತಾರೆ. ಉರ್ದುವಿನಲ್ಲಿ ಬಸ್ ಸ್ತ್ರೀಲಿಂಗ. ಮಗು ತನಗೆ ತಿಳಿದ ನಿಯಮವನ್ನೇ ಇಲ್ಲೂ ಬಳಸಿದೆ. ಇದನ್ನು ತಿಳಿದ ಶಿಕ್ಷಕ ಬೈಯುವುದಿಲ್ಲ, ಎರಡು ಭಾಷೆಗಳ ವ್ಯತ್ಯಾಸವನ್ನು ತಿಳಿಸಿಕೊಡುತ್ತಾನೆ. ಬೈಸಿಕೊಂಡ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಶಿಕ್ಷಕರಾಗಲಿರುವ ವಿದ್ಯಾರ್ಥಿಗಳು ನಾಲ್ಕು ಹಂತಗಳ ಹೆಸರನ್ನು ಮರೆತರೂ ಚಿಂತೆಯಿಲ್ಲ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುವ ಮುನ್ನ, ಹೀಗೇಕೆ ಬರೆದೆ ಮಗು ಎಂದು ಒಮ್ಮೆ ಕೇಳುವುದನ್ನು ಮಾತ್ರ ಮರೆಯಬಾರದು.