ರಬ್ಬರಿನ ಅಂಟು ಬಿಡಿಸಿದ ಸಾಲಗಾರ: ಚಾರ್ಲ್ಸ್ ಗುಡ್‌ಇಯರ್

ಕಲಬುರಗಿಯಿಂದ ಆಳಂದದ ಕಡೆ ಮೌಂಟೇನ್ ಬೈಕ್ ಹೊಡೆದವರಿಗೆ ಜಾಲಿಮುಳ್ಳಿನ ಪರಿಚಯ ಮಾಡಿಸಬೇಕಾಗಿಲ್ಲ. ಡಾಂಬರು ಬಿಟ್ಟು ತೊಗರಿ ಹೊಲದ ದಾರಿಗೆ ಇಳಿದರೆ ಸಾಕು, ಟೈರಿನಲ್ಲಿ ಮುಳ್ಳು ಕೂತೇ ಬಿಡ್ತದೆ. ಟ್ಯೂಬ್‌ಲೆಸ್ ಆದ್ರೆ ಒಳಗಿನ ಹಾಲಿನಂಥ ಸೀಲೆಂಟ್ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ತೂತು ದೊಡ್ಡದಾದರೆ ದಬ್ಬಳದಂಥ ಟೂಲಿಗೆ ರಬ್ಬರ್ ಪಟ್ಟಿ ಪೋಣಿಸಿ ಒಳಗೆ ತುರುಕಬೇಕು. ಐದು ನಿಮಿಷದ ಕೆಲಸ. ಆಗ ಒಂದು ಸಂಗತಿ ಗಮನಿಸಿ ನೋಡ್ರಿ: ಪಟ್ಟಿ ಬೆರಳಿಗೆ ಅಂಟುತ್ತದೆ, ಟೈರ್ ಅಂಟೋದಿಲ್ಲ. ಎರಡೂ ರಬ್ಬರೇ!

ಆ ಅಂಟು ಬಿಡಿಸೋದಕ್ಕೆ ಒಬ್ಬ ಮನುಷ್ಯ ಇಡೀ ಬಾಳು ಸವೆಸಿದ. ಅವನ ಹೆಸರನ್ನು ಟೈರುಗಳ ಮೇಲೆ ಓದಿರ್ತೀರಿ. ಆದ್ರೆ ಅವನು ಟೈರ್ ಕಂಪನಿಯ ಮಾಲೀಕನಾಗಿರಲಿಲ್ಲ.

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪನದು ಗುಂಡಿ, ಒಕ್ಕಲುತನದ ಸಾಮಾನು ತಯಾರಿಸುವ ವ್ಯಾಪಾರ. ಮಗ ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. 1830ರ ಹೊತ್ತಿಗೆ ಅದು ದಿವಾಳಿಯಾಯಿತು. ಆ ಕಾಲದಲ್ಲಿ ಸಾಲ ತೀರಿಸದಿದ್ದರೆ ಜೈಲು. ಗುಡ್‌ಇಯರ್‌ಗೆ ಜೈಲಿನ ದಾರಿ ರೂಢಿಯೇ ಆಗಿಹೋಯಿತು.

1834ರಲ್ಲಿ ನ್ಯೂಯಾರ್ಕಿನ ಒಂದು ರಬ್ಬರ್ ಅಂಗಡಿಯಲ್ಲಿ ನೀರಲ್ಲಿ ಮುಳುಗದಂತೆ ಹಿಡಿದಿಡುವ ಗಾಳಿಚೀಲ ನೋಡಿದ. ಅದರ ವಾಲ್ವ್ ಸರಿಯಿಲ್ಲ ಅನ್ನಿಸಿ, ಉತ್ತಮವಾದದ್ದೊಂದನ್ನು ಮಾಡಿಕೊಂಡು ಹೋದ. ಅಲ್ಲಿನವರು ನಿಜಸ್ಥಿತಿ ತಿಳಿಸಿದರು: ತೊಂದರೆ ವಾಲ್ವಿನದಲ್ಲ, ರಬ್ಬರಿನದೇ. ಬೇಸಿಗೆಯಲ್ಲಿ ಕರಗಿ ನಾರುತ್ತಿತ್ತು, ಚಳಿಗಾಲದಲ್ಲಿ ಕಟ್ಟಿಗೆಯಂತಾಗುತ್ತಿತ್ತು. ಮಾರಿದ ಮಾಲೆಲ್ಲ ವಾಪಸ್ ಬರುತ್ತಿತ್ತು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಂಥ ಟೈರ್ ಹಾಕಿಕೊಂಡು ಆಳಂದ ಮುಟ್ಟೋದನ್ನು ಊಹಿಸಿ!

ಕೆಮಿಸ್ಟ್ರಿ ಗೊತ್ತಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಮೊದಲ ಪ್ರಯೋಗಗಳು ನಡೆದದ್ದು ಜೈಲಿನಲ್ಲಿ, ಹೆಂಡತಿ ಕ್ಲಾರಿಸಾಳ ಲಟ್ಟಣಿಗೆ ತರಿಸಿಕೊಂಡು. ಹೊರಬಂದ ಮೇಲೆ ಅಡುಗೆಮನೆಯೇ ಲ್ಯಾಬ್ ಆಯಿತು. ಮೆಗ್ನೀಷಿಯಾ ಬೆರೆಸಿದ, ಸುಣ್ಣ ಬೆರೆಸಿದ. ನೈಟ್ರಿಕ್ ಆಮ್ಲದಿಂದ ತೊಳೆದಾಗ ಮೇಲ್ಮೈಯ ಅಂಟು ಹೋಯಿತು. ಗೆದ್ದೆ ಅಂದುಕೊಂಡು ಸರ್ಕಾರಕ್ಕೆ 150 ಅಂಚೆ ಚೀಲ ಮಾಡಿಕೊಡಲು ಒಪ್ಪಿಕೊಂಡ. ಸೆಕೆಗೆ ಚೀಲಗಳು ಕರಗಿ ಇಳಿದವು. ಮೇಲ್ಮೈ ಮಾತ್ರ ಬದಲಾಗಿತ್ತು, ಒಳಗಿನ ರಬ್ಬರ್ ಹಾಗೇ ಇತ್ತು.

ಮನೆಯ ಸಾಮಾನು ಒಂದೊಂದಾಗಿ ಒತ್ತೆಗೆ ಹೋದವು. ಮಕ್ಕಳ ಶಾಲೆಯ ಪುಸ್ತಕಗಳನ್ನೂ ಮಾರಿದ. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಇದನ್ನು ಛಲ ಅನ್ನಬೇಕೋ ಹಠ ಅನ್ನಬೇಕೋ? ಅವನ ಹೆಸರಿನ ಜೊತೆ ಕ್ಲಾರಿಸಾಳನ್ನು ನೆನೆಯೋರು ಕಡಿಮೆ. ಆ ಸಂಶೋಧನೆಗೆ ಮೊದಲ ಬಂಡವಾಳ ಹಾಕಿದ್ದು ಅವಳ ಅಡುಗೆಮನೆಯೇ ಅಲ್ಲೇನ್ರಿ?

ಮುಂದೆ ಮ್ಯಾಸಚೂಸೆಟ್ಸ್‌ನ ವೂಬರ್ನ್‌ನಲ್ಲಿ ನಥಾನಿಯಲ್ ಹೇವರ್ಡ್ ಸಿಕ್ಕ. ರಬ್ಬರಿಗೆ ಗಂಧಕ ಹಾಕಿ ಬಿಸಿಲಿಗಿಟ್ಟರೆ ಅಂಟು ಕಡಿಮೆಯಾಗ್ತದೆ ಅನ್ನೋದು ಅವನು ಕಂಡುಕೊಂಡ ಸಂಗತಿ. ಗುಡ್‌ಇಯರ್ ಆ ಹಕ್ಕನ್ನು ಕೊಂಡುಕೊಂಡ. 1839ರ ಚಳಿಗಾಲದಲ್ಲಿ ಗಂಧಕ ಬೆರೆತ ರಬ್ಬರಿನ ತುಂಡು ಬಿಸಿ ಒಲೆಗೆ ತಗುಲಿತು. ಅದು ಹೇಗೆ ತಗುಲಿತು ಅನ್ನೋದಕ್ಕೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಕರಗಬೇಕಾಗಿದ್ದ ರಬ್ಬರು ಚರ್ಮದಂತೆ ಸುಟ್ಟಿತು. ಸುಟ್ಟ ಭಾಗದ ಅಂಚಿನಲ್ಲಿ ಅಂಟಿಲ್ಲದೆ ಹಿಗ್ಗುವ ಒಂದು ಪಟ್ಟಿ ಉಳಿದಿತ್ತು. ಅದನ್ನು ಬಾಗಿಲ ಹೊರಗೆ ಚಳಿಯಲ್ಲಿ ಮೊಳೆ ಹೊಡೆದು ರಾತ್ರಿಯಿಡೀ ಬಿಟ್ಟ. ಬೆಳಗ್ಗೆ ನೋಡಿದರೆ ಮೊದಲಿನಷ್ಟೇ ಮೆತ್ತಗಿತ್ತು.

ಐದು ವರ್ಷದಿಂದ ಎಲ್ಲರೂ ರಬ್ಬರಿನ ಶತ್ರು ಅಂದುಕೊಂಡಿದ್ದ ಶಾಖವೇ ಔಷಧಿಯಾಗಿತ್ತು. ಆದ್ರೆ ಎಷ್ಟು ಶಾಖ, ಎಷ್ಟು ಹೊತ್ತು? ಅದನ್ನು ಪಳಗಿಸೋದಕ್ಕೆ ಮತ್ತೆ ಐದು ವರ್ಷ ಹಿಡಿಯಿತು. ಒತ್ತಡದ ಹಬೆಯಲ್ಲಿ ಸುಮಾರು 132 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕರಿಂದ ಆರು ತಾಸು ಬೇಯಿಸಿದರೆ ಸರಿಯಾಗುತ್ತದೆ ಅಂತ ಕೊನೆಗೆ ತಿಳಿಯಿತು. 1844ರ ಜೂನ್ 15ಕ್ಕೆ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕ್ ಇವನ ರಬ್ಬರ್ ತುಣುಕುಗಳನ್ನು ಪರೀಕ್ಷಿಸಿ, ಕೆಲವೇ ವಾರ ಮುಂಚೆ ಅಲ್ಲಿಯ ಪೇಟೆಂಟ್‌ಗೆ ಅರ್ಜಿ ಹಾಕಿಬಿಟ್ಟಿದ್ದ. ಹ್ಯಾಂಕಾಕ್‌ನ ಗೆಳೆಯನೊಬ್ಬ ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೈಸೇಶನ್ ಅಂತ ಹೆಸರಿಟ್ಟ. ನಮ್ಮ ಪಂಚರ್ ಅಂಗಡಿಗಳ ಬೋರ್ಡಿನ ಮೇಲೆ ವಲ್ಕನೈಸಿಂಗ್ ಅಂತ ಇರ್ತದಲ್ಲ, ಅದರ ಮೂಲ ಇದು.

ಅಮೆರಿಕದಲ್ಲಿ ಕೇಸುಗಳ ಸುರಿಮಳೆ. 1852ರಲ್ಲಿ ಡೇನಿಯಲ್ ವೆಬ್‌ಸ್ಟರ್ ವಾದಿಸಿ ಗೆಲ್ಲಿಸಿದ. ಆತನ ಫೀಸೇ 15,000 ಡಾಲರ್. 1853ರಲ್ಲಿ ಕ್ಲಾರಿಸಾ ತೀರಿಕೊಂಡಳು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಕೀರ್ತಿ ಬಂತು, ಸಾಲವೂ ಬಂತು. ಫ್ರಾನ್ಸಿನ ಚಕ್ರವರ್ತಿ ಕೊಟ್ಟ ಗೌರವ ಪದಕ ಕೈಗೆ ಸೇರಿದಾಗ ಆತ ಸಾಲಗಾರರ ಜೈಲಿನಲ್ಲಿದ್ದ. 1860ರಲ್ಲಿ ಸಾಯುತ್ತಿದ್ದ ಮಗಳನ್ನು ನೋಡಲು ಹೊರಟು ನ್ಯೂಯಾರ್ಕ್ ತಲುಪಿದಾಗ ಅವಳು ಆಗಲೇ ಇರಲಿಲ್ಲ. ಜುಲೈ 1ರಂದು ಆತನೂ ತೀರಿಕೊಂಡ. ಬಿಟ್ಟುಹೋದದ್ದು ಸುಮಾರು 2 ಲಕ್ಷ ಡಾಲರ್ ಸಾಲ.

ಡನ್‌ಲಪ್ ಸೈಕಲ್ಲಿಗೆ ಗಾಳಿ ಟೈರ್ ಮಾಡಿದ್ದು 1888ರಲ್ಲಿ. ಗುಡ್‌ಇಯರ್ ಹೆಸರಿನ ಕಂಪನಿ ಶುರುವಾದದ್ದು 1898ರಲ್ಲಿ. ಅದನ್ನು ಕಟ್ಟಿದವರು ಬೇರೆಯವರು, ಹೆಸರಷ್ಟೇ ಇವನದು.

ಈಗ ನಮ್ಮ ಪಟ್ಟಿಗೆ ಬರೋಣ. ಹಸಿ ರಬ್ಬರಿನಲ್ಲಿ ಉದ್ದುದ್ದ ಅಣುಸರಪಳಿಗಳು ಬಿಡಿಬಿಡಿಯಾಗಿ ಜಾರುತ್ತವೆ, ಅದಕ್ಕೇ ಅಂಟು. ಶಾಖದಲ್ಲಿ ಗಂಧಕ ಅವುಗಳ ನಡುವೆ ಸೇತುವೆ ಕಟ್ಟುತ್ತದೆ. ಆಮೇಲೆ ಎಳೆದರೂ ಸರಪಳಿಗಳು ತಮ್ಮ ಜಾಗಕ್ಕೆ ವಾಪಸ್ ಬರ್ತವೆ. ಟೈರ್ ಅಂದ್ರೆ ಹೀಗೆ ಬೆಂದ ರಬ್ಬರ್. ಬೆಂದ ರಬ್ಬರಿಗೆ ಬೆಂದ ರಬ್ಬರ್ ಅಂಟೋದಿಲ್ಲ. ಅದಕ್ಕೇ ಪಟ್ಟಿಯನ್ನು ಬೇಕಂತಲೇ ಪೂರ್ತಿ ಬೇಯಿಸದೆ ಬಿಡ್ತಾರೆ. ಸೀಲೆಂಟಿನಲ್ಲೂ ಸಾಮಾನ್ಯವಾಗಿ ರಬ್ಬರ್ ಹಾಲು ಇರ್ತದೆ. ತೂತಿನಲ್ಲಿ ಗಾಳಿ ತಾಗಿ ಹೆಪ್ಪುಗಟ್ಟುತ್ತದೆ. ಗುಡ್‌ಇಯರ್ ಓಡಿಸಿದ ಅಂಟನ್ನೇ ಪಂಚರ್ ಹಾಕುವಾಗ ನಾವು ಸ್ವಲ್ಪ ವಾಪಸ್ ಕರೀತೀವಿ.

ಆದ್ದರಿಂದ ಮುಂದಿನ ಸಲ ಮುಳ್ಳು ಕಂಡರೆ ಗಡಬಡಿಸಬೇಡಿ. ಕಿತ್ತ ಕೂಡಲೇ ತೂತು ಕೆಳಗೆ ಬರೋ ಹಾಗೆ ಚಕ್ರ ತಿರುಗಿಸಿ, ಸೀಲೆಂಟ್ ಅಲ್ಲಿಗೆ ಹರಿಯಲಿ. ನಿಲ್ಲದಿದ್ದರೆ ಪಟ್ಟಿ ತುರುಕಿ, ತುದಿ ಸ್ವಲ್ಪ ಹೊರಗೆ ಉಳಿಸಿ, ಗಾಳಿ ತುಂಬಿ. ಸೀಲೆಂಟ್ ಕೆಲವೇ ತಿಂಗಳಲ್ಲಿ ಒಣಗ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಹೊರಡೋ ಮುಂಚೆ ನೋಡಿಕೊಳ್ಳಿ. ಬೆರಳಿಗೆ ಹತ್ತಿದ ಅಂಟು ತಿಕ್ಕಿ ತೆಗೆಯೋವಾಗ, ಒಂದು ಮನೆಯ ಲಟ್ಟಣಿಗೆಯನ್ನೂ ಮಾರಿಹೋದ ಶಾಲೆ ಪುಸ್ತಕಗಳನ್ನೂ ಒಂದು ಸಲ ನೆನೆಯಿರಿ.