ಥಾಮಸ್ ಡ್ರಮಂಡ್

ಥಾಮಸ್ ಡ್ರಮಂಡ್ (೧೦ ಅಕ್ಟೋಬರ್ ೧೭೯೭ – ೧೫ ಏಪ್ರಿಲ್ ೧೮೪೦) ಸ್ಕಾಟ್‌ಲೆಂಡಿನ ಸೇನಾ ಇಂಜಿನಿಯರ್, ಭೂಮಾಪಕ ಹಾಗೂ ಆಡಳಿತಗಾರ. ೧೮೩೫ರಿಂದ ೧೮೪೦ರವರೆಗೆ ಐರ್ಲೆಂಡಿನ ಅಧೀನ ಕಾರ್ಯದರ್ಶಿಯಾಗಿ ಡಬ್ಲಿನ್ ಕ್ಯಾಸಲ್‌ನಿಂದ ಆ ದೇಶದ ದೈನಂದಿನ ಆಡಳಿತವನ್ನು ನಡೆಸಿದರು. ಪೊಲೀಸ್ ವ್ಯವಸ್ಥೆಯ ಪುನಾರಚನೆ, ಕಾನೂನಿನ ನಿಷ್ಪಕ್ಷಪಾತ ಜಾರಿ, ಬಡ ಗೇಣಿದಾರರ ಬಗೆಗೆ ಭೂಮಾಲೀಕರಿಗಿರುವ ಹೊಣೆಯನ್ನು ನೆನಪಿಸಿದ್ದು ಇವರ ಮುಖ್ಯ ಸಾಧನೆಗಳು. ವಿಜ್ಞಾನದ ಚರಿತ್ರೆಯಲ್ಲಿ ಸುಣ್ಣದ ಬೆಳಕನ್ನು (ಲೈಮ್‌ಲೈಟ್) ಭೂಮಾಪನಕ್ಕೆ ಬಳಕೆಗೆ ತಂದವರೆಂದೂ ಇವರು ಪ್ರಸಿದ್ಧರು. ಆ ಕಾರಣದಿಂದ ಅದಕ್ಕೆ ಡ್ರಮಂಡ್ ಬೆಳಕು ಎಂಬ ಹೆಸರೂ ಉಂಟು.

ಬಾಲ್ಯ ಮತ್ತು ಶಿಕ್ಷಣ

ಡ್ರಮಂಡ್ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ತಾಯಿಯ ಆಶ್ರಯದಲ್ಲಿ ಸಮೀಪದ ಮಸಲ್‌ಬರೋ ಊರಿನಲ್ಲಿ ಬೆಳೆದರು. ಎಡಿನ್‌ಬರೋದಲ್ಲಿ ವ್ಯಾಸಂಗ ಮಾಡುವಾಗ ಗಣಿತದಲ್ಲಿ ವಿಶೇಷ ಪ್ರತಿಭೆಯನ್ನು ತೋರಿದರು. ೧೮೧೩ರಲ್ಲಿ ವುಲ್ವಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿಗೆ ಸೇರಿ, ೧೮೧೫ರಲ್ಲಿ ರಾಯಲ್ ಇಂಜಿನಿಯರ್ಸ್ ದಳದ ಅಧಿಕಾರಿಯಾದರು. ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದ ಆ ಕಾಲದಲ್ಲಿ ಸೇನೆಯಲ್ಲಿ ಮುನ್ನಡೆಯುವ ಅವಕಾಶಗಳು ವಿರಳವಾಗಿದ್ದವು. ಬೇಸರಗೊಂಡ ಡ್ರಮಂಡ್ ವಕೀಲಿ ವೃತ್ತಿಯನ್ನು ಹಿಡಿಯಲು ಯೋಚಿಸಿ, ಲಂಡನ್ನಿನ ಲಿಂಕನ್ಸ್ ಇನ್ ಸಂಸ್ಥೆಯಲ್ಲಿ ಹೆಸರನ್ನೂ ನೋಂದಾಯಿಸಿದ್ದರು. ಅದೇ ಸಮಯಕ್ಕೆ, ೧೮೧೯ರಲ್ಲಿ, ಭೂಮಾಪನ ಇಲಾಖೆಯ ಥಾಮಸ್ ಕೋಲ್ಬಿಯವರ ಪರಿಚಯವಾಯಿತು. ಕೋಲ್ಬಿ ನೀಡಿದ ಆಹ್ವಾನವು ಅವರ ಬದುಕಿನ ದಿಕ್ಕನ್ನು ಬದಲಿಸಿತು.

ಭೂಮಾಪನ ಮತ್ತು ಸುಣ್ಣದ ಬೆಳಕು

ಐರ್ಲೆಂಡಿನಲ್ಲಿ ಸ್ಥಳೀಯ ತೆರಿಗೆಯನ್ನು ನ್ಯಾಯವಾಗಿ ಹಂಚಬೇಕಾದರೆ ಪ್ರತಿಯೊಂದು ಹಳ್ಳಿಯ ಎಲ್ಲೆ ಮತ್ತು ವಿಸ್ತೀರ್ಣ ಖಚಿತವಾಗಿ ತಿಳಿದಿರಬೇಕಾಗಿತ್ತು. ಇದಕ್ಕಾಗಿ ೧೮೨೪ರಲ್ಲಿ ಇಡೀ ದ್ವೀಪವನ್ನು ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಅಳೆಯಲು ತೀರ್ಮಾನಿಸಲಾಯಿತು. ದೂರದ ಬೆಟ್ಟಗಳ ಶಿಖರಗಳನ್ನು ಬಿಂದುಗಳನ್ನಾಗಿಸಿಕೊಂಡು ತ್ರಿಕೋನಗಳನ್ನು ಕಟ್ಟುವುದು ಈ ಕೆಲಸದ ಕ್ರಮ. ಆದರೆ ಐರ್ಲೆಂಡಿನ ಮಂಜು ಮತ್ತು ಮಳೆಯಲ್ಲಿ ಎದುರಿನ ಶಿಖರವೇ ಕಾಣಿಸುತ್ತಿರಲಿಲ್ಲ.

ಡ್ರಮಂಡ್ ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡರು. ಹಗಲಿನಲ್ಲಿ ಸೂರ್ಯನ ಬೆಳಕನ್ನು ಕನ್ನಡಿಯಿಂದ ಪ್ರತಿಫಲಿಸಿ ದೂರಕ್ಕೆ ಕಳುಹಿಸುವ ಹೀಲಿಯೋಸ್ಟಾಟ್ ಉಪಕರಣವನ್ನು ಸುಧಾರಿಸಿದರು. ರಾತ್ರಿಯ ಉಪಯೋಗಕ್ಕೆ ಸುಣ್ಣದ ಉಂಡೆಯನ್ನು ತೀವ್ರ ಜ್ವಾಲೆಯಲ್ಲಿ ಕಾಯಿಸಿ, ಅದು ಹೊಮ್ಮಿಸುವ ಪ್ರಖರ ಬಿಳಿ ಬೆಳಕನ್ನು ಬಳಸಿದರು. ಸುಣ್ಣವು ಹೀಗೆ ಬೆಳಗುತ್ತದೆಂಬ ಸಂಗತಿಯನ್ನು ಗೋಲ್ಡ್ಸ್‌ವರ್ದಿ ಗರ್ನಿ ಮೊದಲೇ ಗಮನಿಸಿದ್ದರು. ಅದನ್ನು ಬೆಟ್ಟದ ತುದಿಯಲ್ಲಿ ಉಪಯೋಗಿಸಬಹುದಾದ ಸಾಧನವನ್ನಾಗಿ ಮಾಡಿದ್ದು ಡ್ರಮಂಡರ ಕೊಡುಗೆ. ೧೮೨೫ರ ಚಳಿಗಾಲದ ಹೊಸ್ತಿಲಲ್ಲಿ ಡೊನೆಗಾಲ್ ಪ್ರಾಂತದ ಸ್ಲೀವ್ ಸ್ನಾಕ್ಟ್ ಬೆಟ್ಟದ ಮೇಲೆ ಡೇರೆಯಲ್ಲಿದ್ದು ಅವರು ಹೊತ್ತಿಸಿದ ದೀಪವು, ಸುಮಾರು ೧೦೫ ಕಿಲೋಮೀಟರು ದೂರದ, ಬೆಲ್‌ಫಾಸ್ಟ್ ಬಳಿಯ ಡಿವಿಸ್ ಬೆಟ್ಟದ ಮೇಲಿದ್ದವರಿಗೆ ಸ್ಪಷ್ಟವಾಗಿ ಕಂಡಿತು. ಚಳಿಗಾಳಿಯಲ್ಲಿ ಕಳೆದ ಆ ದಿನಗಳು ಅವರ ಆರೋಗ್ಯವನ್ನು ಕೆಡಿಸಿದವು. ಮುಂದೆ ಈ ಬೆಳಕು ನಾಟಕಶಾಲೆಗಳ ರಂಗಸ್ಥಳವನ್ನು ದಶಕಗಳ ಕಾಲ ಬೆಳಗಿತು.

ಮಾಪನದ ನಿಮಿತ್ತ ಊರೂರು ಸುತ್ತಿದಾಗ ಡ್ರಮಂಡ್ ಐರ್ಲೆಂಡಿನ ಬಡತನವನ್ನು ಕಣ್ಣಾರೆ ಕಂಡರು. ಆಡಳಿತಗಾರರಲ್ಲಿ ಬಹುಮಂದಿಗೆ ಇಲ್ಲದಿದ್ದ ಈ ಅನುಭವವು ಅವರಿಗೆ ಮುಂದೆ ದಾರಿದೀಪವಾಯಿತು.

ರಾಜಕೀಯ ಕ್ಷೇತ್ರಕ್ಕೆ ಪ್ರವೇಶ

೧೮೩೧ರಲ್ಲಿ ಬ್ರಿಟಿಷ್ ಸರ್ಕಾರವು ಸಂಸತ್ತಿನ ಸುಧಾರಣೆಗೆ ಕೈಹಾಕಿದಾಗ, ಮತಕ್ಷೇತ್ರಗಳ ಎಲ್ಲೆಗಳನ್ನು ಗುರುತಿಸುವ ಆಯೋಗದ ನೇತೃತ್ವ ಡ್ರಮಂಡರಿಗೆ ಒದಗಿತು. ಮನೆಗಳ ಸಂಖ್ಯೆ ಮತ್ತು ತೆರಿಗೆಯ ಮೊತ್ತವನ್ನು ಆಧರಿಸಿ ಪಟ್ಟಣಗಳನ್ನು ಕ್ರಮವಾಗಿ ಜೋಡಿಸುವ ಪಟ್ಟಿಯೊಂದನ್ನು ಅವರು ಸಿದ್ಧಪಡಿಸಿದರು. ಯಾವ ಪಟ್ಟಣವು ಪ್ರಾತಿನಿಧ್ಯವನ್ನು ಕಳೆದುಕೊಳ್ಳಬೇಕೆಂಬ ಜಟಿಲ ಪ್ರಶ್ನೆಯನ್ನು ಈ ಲೆಕ್ಕಾಚಾರವು ಬಗೆಹರಿಸಿತು. ೧೮೩೩ರಲ್ಲಿ ಹಣಕಾಸು ಮಂತ್ರಿ ಲಾರ್ಡ್ ಆಲ್ತಾರ್ಪ್ ಅವರ ಆಪ್ತ ಕಾರ್ಯದರ್ಶಿಯಾದರು. ೧೮೩೫ರ ನವೆಂಬರಿನಲ್ಲಿ ಮರಿಯಾ ಕಿನ್ನೇರ್ಡ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಮೂವರು ಹೆಣ್ಣುಮಕ್ಕಳು.

ಅಂದಿನ ಐರ್ಲೆಂಡ್

ಡ್ರಮಂಡ್ ಅಧಿಕಾರ ವಹಿಸಿಕೊಂಡ ಐರ್ಲೆಂಡನ್ನು ಅರಿಯದೆ ಅವರ ಕಾರ್ಯವನ್ನು ಅಳೆಯುವುದು ಸಾಧ್ಯವಿಲ್ಲ. ೧೮೦೧ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಡನೆ ವಿಲೀನಗೊಂಡು ತನ್ನ ಪ್ರತ್ಯೇಕ ಸಂಸತ್ತನ್ನು ಕಳೆದುಕೊಂಡಿತು. ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಡಬ್ಲಿನ್ ಕ್ಯಾಸಲ್‌ನಲ್ಲಿದ್ದರು. ಮುಖ್ಯ ಕಾರ್ಯದರ್ಶಿಯು ಸಂಸತ್ತಿನ ಕಲಾಪಗಳಿಗಾಗಿ ವರ್ಷದ ಬಹುಭಾಗವನ್ನು ಲಂಡನ್ನಿನಲ್ಲಿ ಕಳೆಯಬೇಕಾಗಿತ್ತು. ಆದ್ದರಿಂದ ಕಡತಗಳೆಲ್ಲ ಅಧೀನ ಕಾರ್ಯದರ್ಶಿಯ ಮೇಜಿಗೇ ಬರುತ್ತಿದ್ದವು.

ಜನಸಂಖ್ಯೆಯ ಬಹುಪಾಲು ಕ್ಯಾಥೊಲಿಕರು. ಜಮೀನು, ನ್ಯಾಯಸ್ಥಾನ ಮತ್ತು ಸ್ಥಳೀಯ ಅಧಿಕಾರಗಳು ಬಹುತೇಕ ಪ್ರಾಟೆಸ್ಟೆಂಟ್ ಭೂಮಾಲೀಕರ ವಶದಲ್ಲಿದ್ದವು. ೧೮೨೯ರ ಕಾಯಿದೆಯು ಕ್ಯಾಥೊಲಿಕರಿಗೆ ಸಂಸತ್ತು ಮತ್ತು ಉನ್ನತ ಹುದ್ದೆಗಳ ಬಾಗಿಲನ್ನು ತೆರೆದಿದ್ದರೂ, ಒಳಗೆ ಹೋದವರು ಕೆಲವರೇ. ಜಮೀನು ಒಳಗೇಣಿಗೆ ಹೋಗಿ, ತುಂಡು ತುಂಡಾಗಿ, ಕೊನೆಗೆ ಆಲೂಗಡ್ಡೆಯೊಂದನ್ನೇ ನೆಚ್ಚಿ ಬದುಕುವ ಲಕ್ಷಾಂತರ ಕುಟುಂಬಗಳು ಉಳಿದಿದ್ದವು. ಹಳೆಯ ಬೆಳೆ ಮುಗಿದು ಹೊಸ ಬೆಳೆ ಕೈಗೆ ಬರುವವರೆಗಿನ ಬೇಸಿಗೆಯ ತಿಂಗಳುಗಳು ಅವರಿಗೆ ಹಸಿವಿನ ತಿಂಗಳುಗಳು. ಆರ್ಚ್‌ಬಿಷಪ್ ರಿಚರ್ಡ್ ವೇಟ್ಲಿಯವರ ಅಧ್ಯಕ್ಷತೆಯ ಬಡತನ ವಿಚಾರಣಾ ಆಯೋಗವು (೧೮೩೩–೩೬), ಕೆಲಸವಿಲ್ಲದವರು ಮತ್ತು ಅವರ ಅವಲಂಬಿತರು ಸೇರಿ ೨೩,೮೫,೦೦೦ ಜನರು ವರ್ಷದ ಮೂವತ್ತು ವಾರ ಸಂಕಷ್ಟದಲ್ಲಿರುತ್ತಾರೆಂದು ಅಂದಾಜು ಮಾಡಿತು. ಆಗ ದೇಶದ ಒಟ್ಟು ಜನಸಂಖ್ಯೆ ಸುಮಾರು ಎಂಬತ್ತು ಲಕ್ಷ.

ಇದರ ಮೇಲೆ, ತಮ್ಮದಲ್ಲದ ಪ್ರಾಟೆಸ್ಟೆಂಟ್ ಚರ್ಚಿಗೆ ಕ್ಯಾಥೊಲಿಕ್ ರೈತರು ದಶಾಂಶ ತೆರಿಗೆಯನ್ನು ಕೊಡಬೇಕಾಗಿತ್ತು. ೧೮೩೦ರ ನಂತರ ಇದರ ವಿರುದ್ಧ ಪ್ರತಿರೋಧ ಭುಗಿಲೆದ್ದಿತು. ವಸೂಲಿಗೆ ಪೊಲೀಸರನ್ನೂ ಸೈನಿಕರನ್ನೂ ಕಳುಹಿಸಲಾಗುತ್ತಿತ್ತು. ೧೮೩೧ರಲ್ಲಿ ಕಿಲ್ಕೆನಿ ಪ್ರಾಂತದ ಕ್ಯಾರಿಕ್‌ಶಾಕ್‌ನಲ್ಲಿ ಹನ್ನೆರಡಕ್ಕೂ ಹೆಚ್ಚು ಪೊಲೀಸರು ಗುಂಪಿನ ಕೈಯಲ್ಲಿ ಹತರಾದರು. ೧೮೩೪ರ ಡಿಸೆಂಬರಿನಲ್ಲಿ ಕಾರ್ಕ್ ಪ್ರಾಂತದ ರಾತ್‌ಕಾರ್ಮಕ್‌ನಲ್ಲಿ ವಿಧವೆಯೊಬ್ಬಳ ಅಲ್ಪ ಬಾಕಿಯ ವಸೂಲಿಗಾಗಿ ಸೈನಿಕರು ಗುಂಡು ಹಾರಿಸಿ ಹಲವರನ್ನು ಕೊಂದರು.

ಅಧೀನ ಕಾರ್ಯದರ್ಶಿಯಾಗಿ

೧೮೩೫ರಲ್ಲಿ ಲಾರ್ಡ್ ಮೆಲ್ಬರ್ನ್ ಅವರ ವಿಗ್ ಸರ್ಕಾರವು ಐರಿಷ್ ನಾಯಕ ಡೇನಿಯಲ್ ಒ'ಕಾನೆಲ್ ಅವರ ಬೆಂಬಲದೊಡನೆ ಅಧಿಕಾರಕ್ಕೆ ಬಂದಿತು. ಲಾರ್ಡ್ ಮಲ್ಗ್ರೇವ್ ರಾಜಪ್ರತಿನಿಧಿಯಾದರು, ಲಾರ್ಡ್ ಮಾರ್ಪೆತ್ ಮುಖ್ಯ ಕಾರ್ಯದರ್ಶಿಯಾದರು, ಡ್ರಮಂಡ್ ಅಧೀನ ಕಾರ್ಯದರ್ಶಿಯಾದರು. ಇರುವ ಕಾನೂನನ್ನೇ ಎಲ್ಲರಿಗೂ ಒಂದೇ ಬಗೆಯಾಗಿ ಅನ್ವಯಿಸಬೇಕೆಂಬುದು ಅವರ ನೀತಿಯಾಗಿತ್ತು. ಕೇಳಲು ಸರಳವಾದ ಈ ಮಾತು ಅಂದಿನ ಐರ್ಲೆಂಡಿನಲ್ಲಿ ಕ್ರಾಂತಿಕಾರಕವಾಗಿತ್ತು.

ದಶಾಂಶ ತೆರಿಗೆಯ ವಸೂಲಿಗೆ ಸೇನೆ ಮತ್ತು ಪೊಲೀಸರನ್ನು ಸಾಲಗಾರನ ಬಂಟರಂತೆ ಕಳುಹಿಸಲು ಡ್ರಮಂಡ್ ನಿರಾಕರಿಸಿದರು. ಶಾಂತಿ ಕದಡುವ ನಿಜವಾದ ಅಪಾಯವಿದ್ದರೆ ಮಾತ್ರ ಅವರು ಹೋಗಬೇಕಾಗಿತ್ತು. ಈ ತೆರಿಗೆಯನ್ನು ೧೮೩೮ರಲ್ಲಿ ಕಾಲುಭಾಗ ತಗ್ಗಿಸಿ, ಕೊಡುವ ಹೊಣೆಯನ್ನು ಭೂಮಾಲೀಕರಿಗೆ ವರ್ಗಾಯಿಸಲಾಯಿತು. ಪ್ರಾಟೆಸ್ಟೆಂಟ್ ಪ್ರಾಬಲ್ಯವನ್ನು ಕಾಯುವ ಆರೆಂಜ್ ಸಂಘವು ಸಂಸತ್ತಿನ ವಿಚಾರಣೆಯ ನಂತರ ೧೮೩೬ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಪಕ್ಷಪಾತ ತೋರಿದ ಮ್ಯಾಜಿಸ್ಟ್ರೇಟರನ್ನು ಅವರ ಅಂತಸ್ತನ್ನು ನೋಡದೆ ಪ್ರಶ್ನಿಸಲಾಯಿತು. ಸಂಸತ್ ಸದಸ್ಯ ವಿಲಿಯಂ ವರ್ನರ್ ಅವರು ೧೮೩೭ರಲ್ಲಿ ಮ್ಯಾಜಿಸ್ಟ್ರೇಟ್ ಸ್ಥಾನವನ್ನು ಕಳೆದುಕೊಂಡರು. ಇನ್ನೊಂದೆಡೆ ಅರ್ಹ ಕ್ಯಾಥೊಲಿಕರಿಗೆ ಹುದ್ದೆಗಳು ದೊರೆತವು. ೧೮೩೬ರಲ್ಲಿ ಮೈಕೆಲ್ ಒ'ಲಾಕ್ಲನ್ ಉನ್ನತ ನ್ಯಾಯಾಧೀಶರಾದರು. ಎರಡನೆಯ ಜೇಮ್ಸ್ ದೊರೆಯ ಕಾಲದ ನಂತರ ಐರ್ಲೆಂಡಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಕ್ಯಾಥೊಲಿಕರು ಇವರು.

ಪೊಲೀಸ್ ಸುಧಾರಣೆ

ಐರ್ಲೆಂಡಿನಲ್ಲಿ ರಾಬರ್ಟ್ ಪೀಲ್ ೧೮೧೪ರಲ್ಲಿ ಶಾಂತಿಪಾಲನಾ ದಳವೊಂದನ್ನು ಸ್ಥಾಪಿಸಿದ್ದರು. ೧೮೨೨ರ ಕಾಯಿದೆಯಂತೆ ಪ್ರಾಂತಗಳಲ್ಲಿ ಕಾನ್‌ಸ್ಟೇಬಲ್ ಪಡೆಗಳು ರಚನೆಯಾಗಿದ್ದವು. ಆದರೆ ನೇಮಕಾತಿ ಬಹುಮಟ್ಟಿಗೆ ಸ್ಥಳೀಯ ಮ್ಯಾಜಿಸ್ಟ್ರೇಟರ, ಅಂದರೆ ಭೂಮಾಲೀಕರ ಕೈಯಲ್ಲಿತ್ತು. ಗೇಣಿದಾರನ ಕಣ್ಣಿಗೆ ಕಾನ್‌ಸ್ಟೇಬಲನು ಧಣಿಯ ಆಳಾಗಿಯೇ ಕಾಣುತ್ತಿದ್ದನು.

೧೮೩೬ರ ಕಾನ್‌ಸ್ಟೇಬಲ್ ಪಡೆಯ ಕಾಯಿದೆಯು ಈ ಪಡೆಗಳನ್ನೆಲ್ಲ ಒಂದುಗೂಡಿಸಿ, ಡಬ್ಲಿನ್ನಿನಲ್ಲಿರುವ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಅಧೀನಕ್ಕೆ ತಂದಿತು. ಕರ್ನಲ್ ಜೇಮ್ಸ್ ಶಾ ಕೆನೆಡಿ ಆ ಹುದ್ದೆಯ ಮೊದಲಿಗರು. ನೇಮಕ, ಬಡ್ತಿ, ಶಿಸ್ತು ಎಲ್ಲವೂ ಕೇಂದ್ರದ ನಿಯಮಗಳಿಗೆ ಒಳಪಟ್ಟವು. ಕ್ಯಾಥೊಲಿಕ್ ಯುವಕರು ಹೆಚ್ಚಿನ ಸಂಖ್ಯೆಯಲ್ಲಿ ಸೇರಿದರು. ಸ್ವಂತ ಪ್ರಾಂತದಲ್ಲಿ ಯಾರನ್ನೂ ನಿಯೋಜಿಸದಿರುವ ಪದ್ಧತಿ ಬಂದಿತು. ಸಂಬಳ ಪಡೆಯುವ ಮ್ಯಾಜಿಸ್ಟ್ರೇಟರು ಸ್ಥಳೀಯ ಪ್ರತಿಷ್ಠಿತರ ನ್ಯಾಯಪೀಠಗಳಲ್ಲಿ ಕುಳಿತು ಸಮತೋಲನವನ್ನು ತಂದರು. ರಾಜಧಾನಿಗಾಗಿ ಬೇರೆಯಾಗಿ ರಚಿಸಿದ ಡಬ್ಲಿನ್ ಮೆಟ್ರೊಪಾಲಿಟನ್ ಪೊಲೀಸ್ ದಳವು ೧೮೩೮ರಲ್ಲಿ ಕೆಲಸವನ್ನು ಆರಂಭಿಸಿತು. ಜಾತ್ರೆ ಸಂತೆಗಳಲ್ಲಿ ಬಣಗಳ ನಡುವೆ ನಡೆಯುತ್ತಿದ್ದ ದೊಣ್ಣೆಕಾಳಗಗಳನ್ನು ಹಿಂದೆ ಅಧಿಕಾರಿಗಳು ಕಂಡೂ ಕಾಣದಂತಿರುತ್ತಿದ್ದರು. ಅಂಥ ಸ್ಥಳಗಳಲ್ಲಿ ಪೊಲೀಸರು ಮೊದಲೇ ಹಾಜರಿರಬೇಕೆಂದು ಡ್ರಮಂಡ್ ಆದೇಶಿಸಿದರು.

ಟಿಪ್ಪರರಿ ಪತ್ರ

೧೮೩೮ರ ವಸಂತದಲ್ಲಿ ಟಿಪ್ಪರರಿ ಪ್ರಾಂತದಲ್ಲಿ ಭೂಮಾಲೀಕರೊಬ್ಬರ ಕೊಲೆಯಾಯಿತು. ಅಲ್ಲಿನ ಮ್ಯಾಜಿಸ್ಟ್ರೇಟರು ಒಟ್ಟಾಗಿ ಇನ್ನಷ್ಟು ಕಠಿಣ ಕಾನೂನುಗಳನ್ನು ತರಬೇಕೆಂದು ಸರ್ಕಾರವನ್ನು ಕೋರಿದರು. ಡ್ರಮಂಡ್ ಮೇ ೨೨ರಂದು ಡೊನೊಮೋರ್ ಅರ್ಲ್‌ಗೆ ಬರೆದ ಉತ್ತರವು ಅವರ ಹೆಸರನ್ನು ಚಿರಸ್ಥಾಯಿಯಾಗಿಸಿತು. ಆಸ್ತಿಯುಳ್ಳವರಿಗೆ ಹಕ್ಕುಗಳಿರುವಂತೆಯೇ ಕರ್ತವ್ಯಗಳೂ ಇವೆ. ಹಿಂದಿನ ದಿನಗಳಲ್ಲಿ ಆ ಕರ್ತವ್ಯಗಳನ್ನು ಮರೆತದ್ದೇ ಸಮಾಜವು ಇಂದಿನ ರೋಗಗ್ರಸ್ತ ಸ್ಥಿತಿಗೆ ಬರಲು ಕಾರಣ ಎಂಬುದು ಅದರ ಸಾರಾಂಶ. ಗೇಣಿದಾರರನ್ನು ಗುಂಪುಗುಂಪಾಗಿ ಒಕ್ಕಲೆಬ್ಬಿಸಿದರೆ ಅಪರಾಧ ಹೆಚ್ಚುವುದು ಸಹಜವೆಂದೂ, ಪರಿಹಾರವು ಭೂಮಾಲೀಕರ ನಡತೆಯಲ್ಲಿಯೇ ಇದೆಯೆಂದೂ ಅವರು ಸೂಚಿಸಿದರು. ಸರ್ಕಾರದ ಅಧಿಕಾರಿಯೊಬ್ಬರು ಭೂಮಾಲೀಕರಿಗೆ ಹೀಗೆ ಬರೆದದ್ದು ದೊಡ್ಡ ಕೋಲಾಹಲವನ್ನೆಬ್ಬಿಸಿತು. ೧೮೩೯ರಲ್ಲಿ ಐರ್ಲೆಂಡಿನ ಅಪರಾಧಗಳನ್ನು ಕುರಿತು ಹೌಸ್ ಆಫ್ ಲಾರ್ಡ್ಸ್ ನೇಮಿಸಿದ ಸಮಿತಿಯು ಡ್ರಮಂಡರನ್ನು ದೀರ್ಘವಾಗಿ ವಿಚಾರಣೆಗೆ ಒಳಪಡಿಸಿತು. ಅವರು ಅಂಕಿ ಅಂಶಗಳ ಆಧಾರದಿಂದ ತಮ್ಮ ಆಡಳಿತವನ್ನು ಸಮರ್ಥಿಸಿಕೊಂಡರು.

ಬಡತನ ಮತ್ತು ರೈಲ್ವೆ ಆಯೋಗ

ವೇಟ್ಲಿ ಆಯೋಗವು ಇಂಗ್ಲೆಂಡಿನ ಮಾದರಿಯ ವರ್ಕ್‌ಹೌಸ್‌ಗಳು, ಎಂದರೆ ನಿರ್ಗತಿಕರನ್ನು ಒಳಗಿರಿಸಿಕೊಂಡು ದುಡಿಸುವ ಮನೆಗಳು, ಐರ್ಲೆಂಡಿಗೆ ತಕ್ಕುದಲ್ಲವೆಂದು ಹೇಳಿ, ಭೂಸುಧಾರಣೆ ಮುಂತಾದ ಉದ್ಯೋಗ ಕೊಡುವ ಕಾಮಗಾರಿಗಳನ್ನು ಶಿಫಾರಸು ಮಾಡಿತ್ತು. ಕೆಲಸವೇ ಇಲ್ಲದ ನಾಡಿನಲ್ಲಿ ಬಡವನನ್ನು ಸೋಮಾರಿಯೆಂದು ಹೆದರಿಸಿ ಪ್ರಯೋಜನವಿರಲಿಲ್ಲ. ಆದರೆ ಸರ್ಕಾರವು ಜಾರ್ಜ್ ನಿಕೋಲ್ಸ್ ಅವರ ವರದಿಯನ್ನು ಒಪ್ಪಿ, ೧೮೩೮ರ ಬಡವರ ಕಾಯಿದೆಯ ಮೂಲಕ ದೇಶವನ್ನು ೧೩೦ ಘಟಕಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ವರ್ಕ್‌ಹೌಸ್ ಕಟ್ಟಿಸಲು ಹೊರಟಿತು.

ಉದ್ಯೋಗದ ಮಾರ್ಗವನ್ನು ಡ್ರಮಂಡ್ ಬೇರೊಂದು ದಿಕ್ಕಿನಿಂದ ಹುಡುಕಿದರು. ೧೮೩೬ರಲ್ಲಿ ನೇಮಕವಾದ ಐರಿಷ್ ರೈಲ್ವೆ ಆಯೋಗದಲ್ಲಿ ಅವರೊಡನೆ ಜಾನ್ ಫಾಕ್ಸ್ ಬರ್ಗಾಯ್ನ್, ಪೀಟರ್ ಬಾರ್ಲೊ, ರಿಚರ್ಡ್ ಗ್ರಿಫಿತ್ ಸದಸ್ಯರಾಗಿದ್ದರು. ೧೮೩೮ರ ವರದಿಯು ರೈಲುಮಾರ್ಗಗಳ ಜತೆಗೆ ಜನರ ಆಹಾರ, ಕೂಲಿ, ಗೇಣಿಯ ಸ್ಥಿತಿಯನ್ನೂ ವಿವರಿಸಿತು. ಅದಕ್ಕಾಗಿ ಹೆನ್ರಿ ಹಾರ್ನೆಸ್ ರಚಿಸಿದ ಜನಸಾಂದ್ರತೆ ಮತ್ತು ಸಂಚಾರದ ನಕ್ಷೆಗಳು ಅಂಕಿ ಅಂಶಗಳನ್ನು ಚಿತ್ರವಾಗಿ ತೋರಿಸುವ ಕಲೆಯಲ್ಲಿ ಮೊದಲ ಪ್ರಯತ್ನಗಳ ಸಾಲಿಗೆ ಸೇರುತ್ತವೆ. ಸರ್ಕಾರದ ನೆರವಿನಿಂದ ವ್ಯವಸ್ಥಿತವಾಗಿ ರೈಲುಮಾರ್ಗ ನಿರ್ಮಿಸಿದರೆ ಬಡವರಿಗೆ ಕೂಲಿಯೂ ನಾಡಿಗೆ ವ್ಯಾಪಾರವೂ ದೊರೆಯುವುದೆಂಬುದು ಆಯೋಗದ ಆಶಯ. ಖಾಸಗಿ ಹಿತಾಸಕ್ತಿಗಳೂ ಸಂಸತ್ತಿನ ವಿರೋಧವೂ ಸೇರಿ ಈ ಯೋಜನೆ ಕೈಗೂಡಲಿಲ್ಲ.

ಕೊನೆಯ ದಿನಗಳು

ಐದು ವರ್ಷಗಳ ಬಿಡುವಿಲ್ಲದ ದುಡಿಮೆ ಡ್ರಮಂಡರನ್ನು ಬಳಲಿಸಿತ್ತು. ಕಚೇರಿಯ ಕೆಲಸದ ಜತೆಗೆ ರೈಲ್ವೆ ಆಯೋಗದ ಹೊರೆಯೂ ಸೇರಿ ಅವರ ದೇಹ ಸೋತಿತು. ೧೮೪೦ರ ಏಪ್ರಿಲ್ ೧೫ರಂದು, ತಮ್ಮ ೪೨ನೆಯ ವಯಸ್ಸಿನಲ್ಲಿ, ಡಬ್ಲಿನ್ನಿನಲ್ಲಿ ನಿಧನರಾದರು. ತಾವು ಸೇವೆ ಸಲ್ಲಿಸಿದ ಐರ್ಲೆಂಡಿನ ಮಣ್ಣಿನಲ್ಲಿಯೇ ತಮ್ಮನ್ನು ಹೂಳಬೇಕೆಂಬ ಅವರ ಇಚ್ಛೆಯಂತೆ ಮೌಂಟ್ ಜೆರೋಮ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಶಿಲ್ಪಿ ಜಾನ್ ಹೋಗನ್ ಕಡೆದ ಅವರ ಪ್ರತಿಮೆಯು ಇಂದು ಡಬ್ಲಿನ್ ಸಿಟಿ ಹಾಲ್‌ನಲ್ಲಿದೆ. ಪತ್ನಿ ಮರಿಯಾ ೧೮೯೧ರವರೆಗೆ ಬದುಕಿದ್ದರು.

ಮಹತ್ವ

ಡ್ರಮಂಡರ ಮರಣದ ಮರುವರ್ಷವೇ ವಿಗ್ ಸರ್ಕಾರವು ಅಧಿಕಾರವನ್ನು ಕಳೆದುಕೊಂಡಿತು. ೧೮೪೫ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಮಹಾಕ್ಷಾಮ ಬಂದಾಗ, ಸುಮಾರು ಹತ್ತು ಲಕ್ಷ ಜನರು ಹಸಿವು ಮತ್ತು ಜ್ವರಗಳಿಗೆ ಬಲಿಯಾದರು. ವರ್ಕ್‌ಹೌಸ್‌ಗಳು ಆ ಹೊರೆಯನ್ನು ತಾಳದಾದವು. ಅವರು ನಿಷ್ಪಕ್ಷಪಾತಕ್ಕಾಗಿ ಕಟ್ಟಿದ ಕೇಂದ್ರೀಕೃತ ಪೊಲೀಸ್ ಪಡೆಯೇ ಮುಂದೆ ಗೇಣಿದಾರರನ್ನು ಒಕ್ಕಲೆಬ್ಬಿಸುವ ಸಂದರ್ಭಗಳಲ್ಲಿ ಕಾವಲು ನಿಲ್ಲಬೇಕಾಯಿತು. ಸಂಸ್ಥೆಯ ಗುಣವು ಅದನ್ನು ನಡೆಸುವವರ ನ್ಯಾಯಬುದ್ಧಿಯನ್ನು ಅವಲಂಬಿಸಿದೆ ಎಂಬುದಕ್ಕೆ ಇದು ನಿದರ್ಶನ.

ಭಾರತದೊಡನೆಯೂ ಈ ಚರಿತ್ರೆಗೆ ನಂಟಿದೆ. ಐರಿಷ್ ಪೊಲೀಸ್ ಪಡೆಯ ಮಾದರಿಯನ್ನು ಚಾರ್ಲ್ಸ್ ನೇಪಿಯರ್ ೧೮೪೩ರ ನಂತರ ಸಿಂಧ್ ಪ್ರಾಂತದಲ್ಲಿ ಅನುಸರಿಸಿದರು. ಜಾರ್ಜ್ ಎವರೆಸ್ಟ್ ೧೮೨೯ರಲ್ಲಿ ಐರ್ಲೆಂಡಿನ ಭೂಮಾಪನವನ್ನು ನೋಡಿ, ಕೋಲ್ಬಿಯವರು ಡ್ರಮಂಡರ ಸಹಾಯದಿಂದ ರೂಪಿಸಿದ ಅಳತೆಯ ಸಲಾಕೆಗಳ ಮಾದರಿಯನ್ನು ಭಾರತಕ್ಕೆ ತಂದರು. ೧೮೪೧ರಲ್ಲಿ ಬೀದರಿನ ಹಾಗೂ ೧೮೬೮ರಲ್ಲಿ ಬೆಂಗಳೂರಿನ ಆಧಾರರೇಖೆಗಳನ್ನು ಅಳೆದದ್ದು ಇಂಥ ಸಲಾಕೆಗಳಿಂದಲೇ.